ಅರ್ಥ ತಿಳಿದರೂ ಪದ ಕೈಗೆ ಬರುವುದಿಲ್ಲ ಏಕೆ? ಇಂಗ್ಲಿಷ್‌ನ ಅಪರಿಚಿತ ಪದಗಳನ್ನು ವಿವರಣೆ ಮತ್ತು ವಾಕ್ಯಗಳ ಮೂಲಕ ಕಲಿಯುವ ಬಗೆ

ಇಂಗ್ಲಿಷ್ ಕಲಿಯುತ್ತಿರುವ ಒಬ್ಬರು ಓದುವಾಗ 'ರಿಲಕ್ಟೆಂಟ್' ಎಂಬ ಪದವನ್ನು ಮೊದಲ ಬಾರಿಗೆ ಕಾಣುತ್ತಾರೆ ಎಂದಿಟ್ಟುಕೊಳ್ಳೋಣ. ಅರ್ಥ ಹುಡುಕಿದಾಗ 'ಇಷ್ಟವಿಲ್ಲದ' ಎಂಬ ಒಂದೇ ಒಂದು ಕನ್ನಡ ಪದ ಸಿಗುತ್ತದೆ. ಅದನ್ನು ಬರೆದುಕೊಂಡು, ಹತ್ತಾರು ಸಲ ಹೇಳಿಕೊಂಡು, ಮರುದಿನ 'ನನಗೆ ಹಾಲು ಇಷ್ಟವಿಲ್ಲ' ಎನ್ನಬೇಕಾದ ಕಡೆ 'ಐ ಆಮ್ ರಿಲಕ್ಟೆಂಟ್ ಮಿಲ್ಕ್' ಎಂದು ಬರೆಯುತ್ತಾರೆ. ವಾಕ್ಯ ತಪ್ಪಾಗಿದೆ. ಆದರೆ ಕಲಿಯುವವರ ಶ್ರಮದಲ್ಲಿ ಕೊರತೆಯಿಲ್ಲ, ಅವರಿಗೆ ಸಿಕ್ಕ ಅರ್ಥವೂ ಪೂರ್ತಿ ಸುಳ್ಳಲ್ಲ. ಹಾಗಿದ್ದರೆ ತಪ್ಪು ಎಲ್ಲಿ ನುಸುಳಿತು?

ಪ್ರವೇಶ ಪರೀಕ್ಷೆ, ಉದ್ಯೋಗದ ಅರ್ಜಿ, ಕರಾರು ಪತ್ರ, ಔಷಧಿಯ ಜೊತೆಗಿರುವ ಸೂಚನೆ ಹೀಗೆ ಯಾವುದೋ ಒಂದು ಕಾರಣಕ್ಕೆ ಇಂಗ್ಲಿಷ್ ಪದಗಳು ಇದ್ದಕ್ಕಿದ್ದಂತೆ ಮುಖ್ಯವಾಗುವ ಸಂದರ್ಭ ಅನೇಕರಿಗೆ ಬರುತ್ತದೆ. ಆಗ ಎಲ್ಲರೂ ಮೊದಲು ಮಾಡುವ ಕೆಲಸ ಪದಗಳ ಪಟ್ಟಿಯೊಂದನ್ನು ಹಿಡಿದು ಬಾಯಿಪಾಠ ಮಾಡುವುದು. ಆ ದಾರಿ ಏಕೆ ಅರ್ಧಕ್ಕೇ ನಿಲ್ಲುತ್ತದೆ, ನಿಘಂಟು ಕೊಡುವ ಅರ್ಥವಿವರಣೆ ಮತ್ತು ಉದಾಹರಣೆ ವಾಕ್ಯ ಎಂಬ ಎರಡು ಸಾಧನಗಳನ್ನು ಒಟ್ಟಿಗೆ ಓದಿದರೆ ಉಳಿದರ್ಧ ದಾರಿ ಹೇಗೆ ತೆರೆಯುತ್ತದೆ ಎಂಬುದನ್ನು ಇಲ್ಲಿ ಮೂಲದಿಂದ ನೋಡೋಣ.

ಪದ ಗೊತ್ತಿದೆ ಎಂದರೆ ಏನು ಗೊತ್ತಿದೆ?

ಒಬ್ಬ ವ್ಯಕ್ತಿಯನ್ನು ಬೀದಿಯಲ್ಲಿ ಕಂಡಾಗ ಗುರುತು ಹಿಡಿಯುವುದು ಒಂದು ಬಗೆಯ ಪರಿಚಯ. ಅವರ ಸ್ವಭಾವ ತಿಳಿದು, ಯಾವ ಕೆಲಸಕ್ಕೆ ಅವರನ್ನು ಕರೆಯಬಹುದು ಎಂದು ಬಲ್ಲದ್ದು ಇನ್ನೊಂದು ಬಗೆಯ ಪರಿಚಯ. ಪದಗಳ ವಿಷಯದಲ್ಲೂ ಇದೇ ವ್ಯತ್ಯಾಸವಿದೆ. ಓದುವಾಗ ಅಥವಾ ಕೇಳುವಾಗ ಅರ್ಥವಾಗುವ ಪದಗಳು ನಮ್ಮ ಗ್ರಹಿಕೆಯ ಪದಸಂಪತ್ತು. ನಾವೇ ಮಾತನಾಡುವಾಗ, ಬರೆಯುವಾಗ ಸರಿಯಾಗಿ ಒದಗಿಬರುವ ಪದಗಳು ಬಳಕೆಯ ಪದಸಂಪತ್ತು. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿರುವುದು ಸಹಜ, ಮಾತೃಭಾಷೆಯಲ್ಲೂ ಹಾಗೆಯೇ.

ಬಳಕೆಗೆ ಬರಬೇಕಾದರೆ ಪದದ ಬಗ್ಗೆ ಹಲವು ಸಂಗತಿಗಳು ಒಟ್ಟಿಗೆ ತಿಳಿದಿರಬೇಕು. ಅದರ ಕಾಗುಣಿತ ಮತ್ತು ಉಚ್ಚಾರಣೆ, ಅದು ನಾಮಪದವೋ ಕ್ರಿಯಾಪದವೋ ಗುಣವಾಚಕವೋ ಎಂಬುದು, ಅದರ ಅರ್ಥದ ಎಲ್ಲೆ, ಅದು ಯಾವ ಪದಗಳ ಜೊತೆ ಸೇರುತ್ತದೆ, ಗೌರವದಿಂದ ಹೇಳುವ ಮಾತೋ ಹಳಿಯುವ ಮಾತೋ ಎಂಬ ಛಾಯೆ. ಕನ್ನಡದಲ್ಲಿ ಬರೆದಂತೆ ಓದುವ ಅಭ್ಯಾಸವಿರುವ ನಮಗೆ ಉಚ್ಚಾರಣೆಯೊಂದೇ ದೊಡ್ಡ ತೊಡಕು. ಸಾಲ ಎಂಬ ಅರ್ಥದ 'ಡೆಟ್' ಪದದ ಬರಹದಲ್ಲಿ 'ಬ' ಧ್ವನಿಯ ಅಕ್ಷರವಿದ್ದರೂ ಅದನ್ನು ಉಚ್ಚರಿಸುವಂತಿಲ್ಲ. ಆದ್ದರಿಂದ ಹೊಸ ಪದವನ್ನು ಕಣ್ಣಿನಿಂದ ಮಾತ್ರ ಕಲಿಯದೆ ಕಿವಿಯಿಂದಲೂ ಕಲಿಯುವುದು ಅಗತ್ಯ.

'ಇಷ್ಟವಿಲ್ಲದ' ಎಂಬ ಸಮಾನಪದ ಈ ಎಲ್ಲ ಸಂಗತಿಗಳಲ್ಲಿ ಒಂದರ ಒಂದು ಭಾಗವನ್ನಷ್ಟೇ ಕೊಟ್ಟಿತ್ತು. ಉಳಿದದ್ದನ್ನು ಕಲಿಯುವವರು ತಮ್ಮ ಕನ್ನಡದಿಂದಲೇ ತುಂಬಿಕೊಂಡರು. ತಪ್ಪು ನುಸುಳಿದ್ದು ಅಲ್ಲಿ.

ಅರ್ಥವಿವರಣೆಯನ್ನು ಓದುವ ಬಗೆ

ಸಮಾನಪದ ಬೇರೆ, ಅರ್ಥವಿವರಣೆ ಬೇರೆ. 'ಆಕ್ಸ್' ಎಂದರೆ 'ಕೊಡಲಿ' ಎನ್ನುವುದು ಸಮಾನಪದ. 'ಮರ ಕಡಿಯಲು ಬಳಸುವ, ಉದ್ದ ಹಿಡಿಯ ತುದಿಗೆ ಹರಿತವಾದ ಲೋಹದ ಅಲಗು ಇರುವ ಉಪಕರಣ' ಎನ್ನುವುದು ಅರ್ಥವಿವರಣೆ. ಕೊಡಲಿಯಂಥ ಕಣ್ಣಿಗೆ ಕಾಣುವ ವಸ್ತುವಿಗೆ ಸಮಾನಪದವೇ ಸಾಕು, ವಿವರಣೆ ಓದುತ್ತ ಕೂರಬೇಕಾಗಿಲ್ಲ. ಭಾವ, ಗುಣ, ಕ್ರಿಯೆಗಳನ್ನು ಹೇಳುವ ಪದಗಳಲ್ಲಿ ಮಾತ್ರ ಎರಡು ಭಾಷೆಗಳ ಎಲ್ಲೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ವಿವರಣೆಯ ಬೆಲೆ ತಿಳಿಯುವುದು ಅಲ್ಲಿ.

ಕೊಡಲಿಯ ವಿವರಣೆಯನ್ನು ಮತ್ತೊಮ್ಮೆ ಗಮನಿಸಿದರೆ ಅದರಲ್ಲಿ ಎರಡು ಭಾಗಗಳು ಕಾಣುತ್ತವೆ. ಅದು ಯಾವ ಗುಂಪಿಗೆ ಸೇರಿದ್ದು ಎಂದು ಒಂದು ಭಾಗ ಹೇಳುತ್ತದೆ: ಉಪಕರಣ. ಅದೇ ಗುಂಪಿನ ಉಳಿದವುಗಳಿಂದ ಅದು ಹೇಗೆ ಬೇರೆ ಎಂದು ಇನ್ನೊಂದು ಭಾಗ ಹೇಳುತ್ತದೆ: ಮರ ಕಡಿಯಲು, ಉದ್ದ ಹಿಡಿ, ಹರಿತವಾದ ಅಲಗು. ನಿಘಂಟಿನ ಬಹುತೇಕ ವಿವರಣೆಗಳು ಈ ಎರಡು ಭಾಗಗಳಿಂದಲೇ ಕಟ್ಟಲ್ಪಟ್ಟಿರುತ್ತವೆ. ಓದುವವರು ಗುಂಪನ್ನು ತಟ್ಟನೆ ಗ್ರಹಿಸಿ, ವ್ಯತ್ಯಾಸದ ಭಾಗವನ್ನು ಅವಸರದಲ್ಲಿ ದಾಟಿಬಿಡುವುದು ಸಾಮಾನ್ಯ. ಕಲಿಕೆ ಇರುವುದು ಆ ವ್ಯತ್ಯಾಸದಲ್ಲಿ.

'ವಿಸ್ಪರ್', 'ಮಟರ್', 'ಮಂಬಲ್' ಎಂಬ ಮೂರು ಕ್ರಿಯಾಪದಗಳನ್ನು ತೆಗೆದುಕೊಳ್ಳಿ. ಮೂರೂ 'ಮೆಲ್ಲನೆ ಅಥವಾ ಕೇಳಿಸದಂತೆ ಮಾತನಾಡು' ಎಂಬ ಒಂದೇ ಗುಂಪಿನವು. 'ವಿಸ್ಪರ್' ಎಂದರೆ ಪಕ್ಕದವರಿಗೆ ಮಾತ್ರ ಕೇಳಿಸಲಿ ಎಂದು ಬೇಕೆಂದೇ ದನಿ ತಗ್ಗಿಸಿ, ಉಸಿರಿನಲ್ಲೇ ನುಡಿಯುವುದು. ಅದು ನಮ್ಮ 'ಪಿಸುಗುಟ್ಟು'. 'ಮಟರ್' ಎಂದರೆ ತನಗೆ ತಾನೇ ಎಂಬಂತೆ, ಹೆಚ್ಚಾಗಿ ಅಸಮಾಧಾನದಿಂದ, ತಗ್ಗಿದ ದನಿಯಲ್ಲಿ ನುಡಿಯುವುದು, ಅದು 'ಗೊಣಗು'. 'ಮಂಬಲ್' ಎನ್ನುವಲ್ಲಿ ಅಸಮಾಧಾನ ಇರಲೇಬೇಕೆಂದಿಲ್ಲ. ಬಾಯಿ ಸರಿಯಾಗಿ ತೆರೆಯದೆ ಆಡಿದ್ದರಿಂದ ಮಾತು ಅಸ್ಪಷ್ಟವಾಯಿತು ಎಂಬುದು ಅದರ ತಿರುಳು. ಪಟ್ಟಿಯೊಂದು 'ಮಟರ್', 'ಮಂಬಲ್' ಎರಡಕ್ಕೂ 'ಗೊಣಗು' ಎಂದು ಕೊಟ್ಟರೆ, ಸಂಕೋಚದಿಂದ ಕ್ಷಮೆ ಕೇಳಿದ ಹುಡುಗನೊಬ್ಬ ಓದುಗರ ಮನಸ್ಸಿನಲ್ಲಿ ಸಿಡುಕಿನವನಾಗಿಬಿಡುತ್ತಾನೆ.

ಈಗ 'ರಿಲಕ್ಟೆಂಟ್' ಪದದ ವಿವರಣೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಹೀಗಾಗುತ್ತದೆ: ಒಂದು ಕೆಲಸವನ್ನು ಮಾಡಲು ಮನಸ್ಸಿಲ್ಲದೆ, ಅದರಿಂದಾಗಿ ಹಿಂದೆ ಮುಂದೆ ನೋಡುವ. ಇಲ್ಲಿ 'ಒಂದು ಕೆಲಸವನ್ನು ಮಾಡಲು' ಎಂಬ ಮಾತೇ ಕೀಲಿ. ಇಷ್ಟವಿಲ್ಲದಿರುವುದು ವಸ್ತುವಿನ ಬಗ್ಗೆ ಅಲ್ಲ, ಮಾಡಬೇಕಾದ ಕೆಲಸದ ಬಗ್ಗೆ. ಹಿಂಜರಿದರೂ ಕೊನೆಗೆ ಆ ಕೆಲಸ ಮಾಡುವ ಸಾಧ್ಯತೆಯನ್ನು ಪದ ತಳ್ಳಿಹಾಕುವುದಿಲ್ಲ. 'ಒಲ್ಲದ ಮನಸ್ಸಿನಿಂದ ಒಪ್ಪಿದರು' ಎಂದು ನಾವು ಹೇಳುವಾಗ ಇರುವ ಭಾವ ಇದಕ್ಕೆ ಬಹಳ ಹತ್ತಿರ.

ಕಷ್ಟದ ಪದಕ್ಕೆ ಸುಲಭದ ವಿವರಣೆ ಬಂದದ್ದು

ವಿವರಣೆ ಓದಲು ಹೊರಟವರನ್ನು ಕಾಡುವ ಒಂದು ನಿಜವಾದ ತೊಂದರೆಯಿದೆ. ವಿವರಣೆಯಲ್ಲಿರುವ ಪದಗಳೇ ಗೊತ್ತಿಲ್ಲದಿದ್ದರೆ? ಒಂದು ಪದವನ್ನು ಹುಡುಕಲು ಹೋಗಿ ಇನ್ನೂ ಮೂರನ್ನು ಹುಡುಕುವ ಪಾಡು ಹೊಸದೇನಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಪ್ರಕಟಿಸಿದ ಹೆಸರಾಂತ ಇಂಗ್ಲಿಷ್ ನಿಘಂಟಿನಲ್ಲಿ, ಬಲೆಯಂಥ ಹೆಣಿಗೆ ಎಂಬ ಸರಳ ಅರ್ಥದ 'ನೆಟ್‌ವರ್ಕ್' ಪದವನ್ನು 'ರೆಟಿಕ್ಯುಲೇಟೆಡ್', 'ಡೆಕಸೇಟೆಡ್', 'ಇಂಟರ್‌ಸ್ಟಿಸಸ್' ಎಂಬ ಪದಗಳಿಂದ ವಿವರಿಸಲಾಗಿತ್ತು. ಮೂಲ ಪದವನ್ನು ಬಲ್ಲವರಿಗೂ ಆ ವಿವರಣೆ ಅರ್ಥವಾಗುವುದು ಕಷ್ಟ.

ಈ ಗಂಟನ್ನು ಕಲಿಯುವವರಿಗಾಗಿ ಬಿಡಿಸಿದವರಲ್ಲಿ ಮುಖ್ಯರಾದವರು ಬಂಗಾಳದಲ್ಲಿ ಇಂಗ್ಲಿಷ್ ಬೋಧನೆಯಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್. 1935ರಲ್ಲಿ ಅವರು ಸಹಲೇಖಕರೊಬ್ಬರ ಜೊತೆಗೂಡಿ ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ಪದಗುಚ್ಛಗಳನ್ನು ಕೇವಲ 1,490 ಸರಳ ಪದಗಳನ್ನು ಬಳಸಿ ವಿವರಿಸಲಾಗಿತ್ತು. ಅಷ್ಟು ಪದಗಳನ್ನು ಕಲಿತವರಿಗೆ ಉಳಿದ ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಪದಗಳ ಬಾಗಿಲು ತಾನಾಗಿ ತೆರೆಯುತ್ತದೆ ಎಂಬುದು ಅದರ ಹಿಂದಿನ ಯೋಚನೆ. 1978ರಲ್ಲಿ ಬಂದ ಲಾಂಗ್‌ಮನ್ ಸಂಸ್ಥೆಯ ನಿಘಂಟು ಇದೇ ಯೋಚನೆಯನ್ನು ಸುಮಾರು 2,000 ವಿವರಣಾ ಪದಗಳೊಂದಿಗೆ ಮುಂದುವರಿಸಿತು. 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಸಿದ್ಧವಾದ ಕೋಬಿಲ್ಡ್ ನಿಘಂಟು ಇನ್ನೊಂದು ಹೆಜ್ಜೆ ಇಟ್ಟು, ವಿವರಣೆಯನ್ನೇ ಪೂರ್ಣ ವಾಕ್ಯವಾಗಿ ಬರೆಯಿತು. 'ನೀವು ಒಂದು ಕೆಲಸಕ್ಕೆ ಹೀಗಿದ್ದೀರಿ ಎಂದರೆ, ಅದನ್ನು ಮಾಡಲು ನಿಮಗೆ ಮನಸ್ಸಿಲ್ಲ' ಎಂಬ ಧಾಟಿಯಲ್ಲಿ, ಶಿಕ್ಷಕರು ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳುವಂತೆ ಅದರ ವಿವರಣೆಗಳಿರುತ್ತವೆ.

ಹೀಗಾಗಿ ಕಲಿಯುವವರು ಮೊದಲು ಆರಿಸಿಕೊಳ್ಳಬೇಕಾದದ್ದು ಕಲಿಯುವವರಿಗೆಂದೇ ಬರೆದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಇಂಗ್ಲಿಷ್–ಕನ್ನಡ ನಿಘಂಟನ್ನು ಬದಿಗಿಡಬೇಕು ಎಂದು ಇದರ ಅರ್ಥವಲ್ಲ. ಮೊದಲು ಕನ್ನಡದ ಸಮಾನಪದದಿಂದ ಪದದ ನೆಲೆ ಗೊತ್ತುಮಾಡಿಕೊಂಡು, ಆಮೇಲೆ ಇಂಗ್ಲಿಷ್ ವಿವರಣೆಯಿಂದ ಅದರ ಎಲ್ಲೆ ಗುರುತಿಸುವುದು ಆರಂಭದ ಹಂತದಲ್ಲಿ ತುಂಬ ಉಪಕಾರಿ ಎಂದೇ ನಾನು ಭಾವಿಸುತ್ತೇನೆ.

ವಾಕ್ಯದಲ್ಲಿ ಪದದ ಒಡನಾಟ

ಕನ್ನಡದಲ್ಲಿ ನಾವು 'ಗಾಢ ನಿದ್ರೆ' ಎನ್ನುತ್ತೇವೆ, 'ಕಡು ಬಡತನ' ಎನ್ನುತ್ತೇವೆ, 'ಘೋರ ಅಪರಾಧ' ಎನ್ನುತ್ತೇವೆ, 'ಕಟ್ಟಾ ಅಭಿಮಾನಿ' ಎನ್ನುತ್ತೇವೆ. ಗಾಢ, ಕಡು, ಘೋರ, ಕಟ್ಟಾ ನಾಲ್ಕೂ 'ತುಂಬ ಹೆಚ್ಚಿನ' ಎಂಬುದನ್ನೇ ಹೇಳುತ್ತವೆ. ಆದರೂ 'ಕಡು ನಿದ್ರೆ', 'ಕಟ್ಟಾ ಬಡತನ', 'ಗಾಢ ಅಭಿಮಾನಿ' ಎಂದು ಯಾರೂ ಹೇಳುವುದಿಲ್ಲ. ಇದನ್ನು ನಮಗೆ ಯಾವ ವ್ಯಾಕರಣ ಪುಸ್ತಕವೂ ಕಲಿಸಲಿಲ್ಲ. ಸಾವಿರಾರು ವಾಕ್ಯಗಳನ್ನು ಕೇಳಿ ಕೇಳಿ ಬಂದ ತಿಳಿವು ಅದು. ಇಂಗ್ಲಿಷ್‌ನಲ್ಲಿ ಇವೇ ನಾಲ್ಕು ಜೋಡಿಗಳು 'ಡೀಪ್ ಸ್ಲೀಪ್', 'ಅಬ್ಜೆಕ್ಟ್ ಪಾವರ್ಟಿ', 'ಹೀನಸ್ ಕ್ರೈಮ್', 'ಆರ್ಡೆಂಟ್ ಸಪೋರ್ಟರ್' ಎಂದಾಗುತ್ತವೆ. ಅಲ್ಲೂ ವಿಶೇಷಣಗಳನ್ನು ಅದಲು ಬದಲು ಮಾಡುವಂತಿಲ್ಲ. ಮಾತೃಭಾಷಿಕರಿಗೆ ಬಾಲ್ಯದಿಂದ ಸಿಕ್ಕ ವಾಕ್ಯರಾಶಿ ನಮಗೆ ಸಿಗದಿರುವುದರಿಂದ, ಆ ಕೊರತೆಯನ್ನು ಆದಷ್ಟು ತುಂಬುವ ಕೆಲಸವನ್ನು ನಿಘಂಟಿನ ಉದಾಹರಣೆ ವಾಕ್ಯ ಮಾಡುತ್ತದೆ. ಪದವನ್ನು ಅದರ ಒಡನಾಡಿಗಳಿಂದ ಅರಿಯಬೇಕು ಎಂಬ ಮಾತನ್ನು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದರು. ಪದಗಳ ಈ ಒಡನಾಟದ ಅಧ್ಯಯನ ಮುಂದೆ ಭಾಷಾವಿಜ್ಞಾನದ ಒಂದು ದೊಡ್ಡ ಶಾಖೆಯಾಗಿ ಬೆಳೆಯಿತು.

ಒಡನಾಟ ಕೆಲವೊಮ್ಮೆ ಇನ್ನೂ ಸೂಕ್ಷ್ಮವಾಗಿರುತ್ತದೆ. 'ಟೀಕೆಗೆ ಗುರಿಯಾದರು' ಎನ್ನುತ್ತೇವೆ, 'ಮೆಚ್ಚುಗೆಗೆ ಪಾತ್ರರಾದರು' ಎನ್ನುತ್ತೇವೆ. 'ಮೆಚ್ಚುಗೆಗೆ ಗುರಿಯಾದರು' ಎಂದರೆ ಅರ್ಥವಾಗದೆ ಇರುವುದಿಲ್ಲ, ಆದರೆ ಕಿವಿ ಒಪ್ಪುವುದಿಲ್ಲ, ಏಕೆಂದರೆ 'ಗುರಿಯಾಗು' ಎಂಬುದು ಕೆಟ್ಟದ್ದರ ಜೊತೆ ಸೇರಿ ಸೇರಿ ಅದರ ನೆರಳನ್ನು ಮೈಗಂಟಿಸಿಕೊಂಡಿದೆ. ಇಂಗ್ಲಿಷ್‌ನ 'ಕಾಸ್' ಕ್ರಿಯಾಪದ ಅಂಥದ್ದೇ. ಹಾನಿ, ನೋವು, ವಿಳಂಬ, ಅಪಘಾತ ಇವುಗಳ ಜೊತೆ ಅದು ಹೆಚ್ಚಾಗಿ ಬರುತ್ತದೆ. 'ಉಂಟುಮಾಡು' ಎಂಬ ಸಮಾನಪದವನ್ನಷ್ಟೇ ನೆಚ್ಚಿ, ಸಂತೋಷ ಉಂಟುಮಾಡಿತು ಎನ್ನಲು 'ಕಾಸ್ಡ್ ಹ್ಯಾಪಿನೆಸ್' ಎಂದು ಬರೆದರೆ ವ್ಯಾಕರಣ ಸರಿಯಿದ್ದರೂ ವಾಕ್ಯ ಒರಟಾಗುತ್ತದೆ. 'ಬ್ರಾಟ್ ಹ್ಯಾಪಿನೆಸ್' ಎಂಬುದು ಸಹಜ. ಯಾವ ಸಮಾನಪದವೂ ಈ ನೆರಳನ್ನು ತೋರಿಸಲಾರದು. ಮೂರು ನಾಲ್ಕು ಉದಾಹರಣೆ ವಾಕ್ಯಗಳನ್ನು ಒಟ್ಟಿಗೆ ಓದಿದರೆ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ವಾಕ್ಯದಿಂದ ಪದದ ವ್ಯಾಕರಣವೂ ತಿಳಿಯುತ್ತದೆ. 'ಷಿ ವಾಸ್ ರಿಲಕ್ಟೆಂಟ್ ಟು ಆನ್ಸರ್ ದ ಕ್ವೆಶ್ಚನ್' ಎಂಬ ವಾಕ್ಯವನ್ನು ನೋಡಿ. ಪ್ರಶ್ನೆಗೆ ಉತ್ತರಿಸಲು ಆಕೆ ಹಿಂಜರಿದಳು. 'ರಿಲಕ್ಟೆಂಟ್' ಆಗಿರುವುದು ಒಬ್ಬ ವ್ಯಕ್ತಿ. ಅದರ ಮುಂದೆ 'ಟು' ಬಂದಿದೆ. 'ಟು' ಆದಮೇಲೆ ಕ್ರಿಯಾಪದ ಬಂದಿದೆ. 'ರಿಲಕ್ಟೆಂಟ್ ಮಿಲ್ಕ್' ಏಕೆ ಆಗದು ಎಂಬುದಕ್ಕೆ ಇಷ್ಟು ಸಾಕು. ಇಂಥ ರಚನೆಗಳನ್ನು ಕಲಿಯುವವರಿಗಾಗಿ ಕ್ರಮವಾಗಿ ಗುರುತಿಸಿ ಕೊಟ್ಟವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು, 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಮರುಪ್ರಕಟಿಸಿತು. ಇಂದಿನ ಕಲಿಕಾ ನಿಘಂಟುಗಳು ಬಹುಮಟ್ಟಿಗೆ ಆ ಪರಂಪರೆಯವು.

ಉದಾಹರಣೆ ವಾಕ್ಯ ನಿಘಂಟಿಗೆ ಬಂದ ಚರಿತ್ರೆ ಇದಕ್ಕಿಂತ ಹಳೆಯದು. ಇಂಗ್ಲಿಷ್ ಪದಗಳಿಗೆ ಇಂಗ್ಲಿಷ್‌ನಲ್ಲೇ ಅರ್ಥ ಕೊಟ್ಟ ಮೊದಲ ನಿಘಂಟು ಎಂದು ಹೇಳಲಾಗುವ ರಾಬರ್ಟ್ ಕಾಡ್ರಿಯ 1604ರ ಪುಸ್ತಕದಲ್ಲಿ ಸುಮಾರು 2,500 ಕಠಿಣ ಪದಗಳಿಗೆ ಒಂದೆರಡು ಮಾತಿನ ಅರ್ಥ ಮಾತ್ರ ಇತ್ತು. ಅದು ಇಂದಿನ ಬಾಯಿಪಾಠದ ಪಟ್ಟಿಯ ಹಾಗೆಯೇ. ಜಾನ್ಸನ್ ತಮ್ಮ ನಿಘಂಟಿನಲ್ಲಿ ಲೇಖಕರ ಬರಹಗಳಿಂದ ಆಯ್ದ ಒಂದು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳನ್ನು ಕೊಟ್ಟರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಮತ್ತು ಅವರ ಸಹೋದ್ಯೋಗಿಗಳಿಗೆ, ತಾವು ಓದಿದ ಪುಸ್ತಕಗಳಿಂದ ಪದವಿರುವ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿದವರು ಸಾಮಾನ್ಯ ಓದುಗರು. 1928ರಲ್ಲಿ ಆ ನಿಘಂಟು ಪೂರ್ಣಗೊಂಡಾಗ ಅದರಲ್ಲಿ 18 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಅರ್ಥವನ್ನು ನಿಘಂಟುಕಾರರು ತೀರ್ಮಾನಿಸಿ ಜನರ ಮೇಲೆ ಹೇರುವುದಿಲ್ಲ, ಜನರು ಬರೆದ ವಾಕ್ಯಗಳಿಂದಲೇ ಹೆಕ್ಕಿ ತೆಗೆಯುತ್ತಾರೆ ಎಂಬುದು ಇದರಿಂದ ಮನದಟ್ಟಾಗುತ್ತದೆ. ಕಲಿಯುವವರು ವಿವರಣೆಯಿಂದ ವಾಕ್ಯಕ್ಕೆ ಹೋಗುತ್ತಾರೆ. ನಿಘಂಟುಕಾರರು ಬಂದದ್ದು ವಾಕ್ಯದಿಂದ ವಿವರಣೆಗೆ.

ವಾಕ್ಯವೊಂದೇ ಸಾಲದು

ಹಾಗಾದರೆ ವಿವರಣೆಯನ್ನು ಬಿಟ್ಟು ವಾಕ್ಯಗಳಿಂದಲೇ ಅರ್ಥ ಊಹಿಸಿದರೆ ಆಗದೇ? 'ದ ಮ್ಯಾನೇಜರ್ ವುಡ್ ನಾಟ್ ಕಂಡೋನ್ ಸಚ್ ಬಿಹೇವಿಯರ್' ಎಂಬ ವಾಕ್ಯದಲ್ಲಿ 'ಕಂಡೋನ್' ಗೊತ್ತಿಲ್ಲದವರು ಏನೆಂದು ಊಹಿಸಬಹುದು? ಅಂಥ ವರ್ತನೆಯನ್ನು ವ್ಯವಸ್ಥಾಪಕರು ಇಷ್ಟಪಡುವುದಿಲ್ಲ, ನಿರೀಕ್ಷಿಸುವುದಿಲ್ಲ, ತಾವೇ ಮಾಡುವುದಿಲ್ಲ, ಶಿಕ್ಷಿಸುವುದಿಲ್ಲ. ಈ ಎಲ್ಲ ಊಹೆಗಳೂ ಆ ಜಾಗದಲ್ಲಿ ಕೂರುತ್ತವೆ. ಹೋಲುವ ಉಚ್ಚಾರಣೆಯ 'ಕಂಡೆಮ್' ಅಂದರೆ ಖಂಡಿಸು ಎಂಬ ಪದವನ್ನು ನೆನೆದವರು ಅರ್ಥವನ್ನು ತಲೆಕೆಳಗೆ ಮಾಡಿಕೊಳ್ಳುವ ಅಪಾಯವೂ ಇದೆ. 'ತಪ್ಪೆಂದು ಗೊತ್ತಿದ್ದೂ ಸುಮ್ಮನೆ ಒಪ್ಪಿಕೊಳ್ಳುವುದು ಅಥವಾ ನಡೆಯಲು ಬಿಡುವುದು' ಎಂಬ ವಿವರಣೆ ಓದಿದಾಗ ಮಾತ್ರ ಊಹೆಗಳೆಲ್ಲ ಉದುರಿ ಒಂದು ಉಳಿಯುತ್ತದೆ.

ಎಲ್ಲ ವಾಕ್ಯಗಳೂ ಸಮಾನವಾಗಿ ಕಲಿಸುವುದಿಲ್ಲ. 'ಷಿ ಈಸ್ ಮೆಟಿಕ್ಯುಲಸ್' ಎಂಬುದು ಸರಿಯಾದ ವಾಕ್ಯ, ಆದರೆ ಅದರಿಂದ ಕಲಿಯುವುದು ಏನೂ ಇಲ್ಲ. ಆ ಪದದ ಜಾಗದಲ್ಲಿ ಎತ್ತರದ, ಬುದ್ಧಿವಂತ, ದಣಿದ ಎಂಬ ಯಾವ ಪದವನ್ನಾದರೂ ಇಡಬಹುದು. ಲೆಕ್ಕಪತ್ರಕ್ಕೆ ಸಹಿ ಹಾಕುವ ಮೊದಲು ಆಕೆ ಪ್ರತಿಯೊಂದು ಅಂಕಿಯನ್ನೂ ಮೂರು ಸಲ ಪರಿಶೀಲಿಸುತ್ತಾಳೆ, ಅಷ್ಟು 'ಮೆಟಿಕ್ಯುಲಸ್' ಅವಳು ಎಂಬ ಅರ್ಥದ ವಾಕ್ಯವಿದ್ದರೆ ಪದದ ತಿರುಳು ವಾಕ್ಯದಲ್ಲೇ ಕಾಣುತ್ತದೆ: ಸಣ್ಣ ವಿವರವನ್ನೂ ಬಿಡದ ಎಚ್ಚರ. ಒಳ್ಳೆಯ ಉದಾಹರಣೆಯನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಪದವನ್ನು ಬೆರಳಿನಿಂದ ಮುಚ್ಚಿ ಓದಿ. ಆ ಜಾಗದಲ್ಲಿ ಬರಬಹುದಾದ ಪದಗಳು ಎರಡು ಮೂರಕ್ಕೆ ಇಳಿದರೆ ಅದು ಬರೆದಿಟ್ಟುಕೊಳ್ಳಲು ತಕ್ಕ ವಾಕ್ಯ.

ಛಾಯೆಯ ವಿಷಯದಲ್ಲಿ ವಿವರಣೆ ಮತ್ತು ವಾಕ್ಯ ಎರಡನ್ನೂ ಹೋಲಿಸಿ ನೋಡಲೇಬೇಕು. 'ಫ್ರೂಗಲ್', 'ಸ್ಟಿಂಜಿ' ಎರಡೂ ಹಣ ಖರ್ಚು ಮಾಡದವರನ್ನು ಕುರಿತವು. ಮೊದಲನೆಯದು ಮಿತವ್ಯಯಿಯನ್ನು ಮೆಚ್ಚುವ ಮಾತು, ಎರಡನೆಯದು ಜಿಪುಣನನ್ನು ಹಳಿಯುವ ಮಾತು. ನೇಮಕಾತಿಗೆ ಬರೆಯುವ ಶಿಫಾರಸು ಪತ್ರದಲ್ಲಿ ಒಂದರ ಬದಲು ಇನ್ನೊಂದು ಬಂದರೆ ಒಬ್ಬರ ಅವಕಾಶವೇ ಕೈತಪ್ಪಬಹುದು.

ಒಂದೇ ಪದ, ಎದುರುಬದುರಾದ ಅರ್ಥಗಳು

'ಹೊತ್ತು ಮುಳುಗಿತು' ಎಂಬಲ್ಲಿನ 'ಹೊತ್ತು' ಸೂರ್ಯ, 'ಹೊರೆ ಹೊತ್ತು ನಡೆದ' ಎಂಬಲ್ಲಿನ 'ಹೊತ್ತು' ಬೇರೆ. ಕನ್ನಡಿಗರು ಇಲ್ಲಿ ಎಡವುವುದಿಲ್ಲ, ವಾಕ್ಯವೇ ಅರ್ಥವನ್ನು ಆರಿಸಿಕೊಡುತ್ತದೆ. ಇಂಗ್ಲಿಷ್‌ನಲ್ಲಿ ಇಂಥ ಪದಗಳು ಹೆಚ್ಚು, ಕೆಲವು ಪದಗಳ ಅರ್ಥಗಳಂತೂ ಒಂದಕ್ಕೊಂದು ವಿರುದ್ಧ. 'ಸ್ಯಾಂಕ್ಷನ್' ಎಂದರೆ ಮಂಜೂರಾತಿ. ಸಾಲ 'ಸ್ಯಾಂಕ್ಷನ್' ಆಯಿತು ಎಂಬುದು ನಮಗೆಲ್ಲ ಗೊತ್ತು. ಅದೇ ಪದ ಬಹುವಚನದಲ್ಲಿ, ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಹೇರಲಾಯಿತು ಎಂಬ ಸುದ್ದಿಯಲ್ಲಿ ಬಂದಾಗ ದಂಡನೆಯ ರೂಪದ ನಿರ್ಬಂಧವಾಗುತ್ತದೆ. 'ಓವರ್‌ಸೈಟ್' ಎಂಬುದಕ್ಕೆ ಮೇಲ್ವಿಚಾರಣೆ ಎಂಬ ಅರ್ಥವೂ ಇದೆ, ಕಣ್ತಪ್ಪು ಎಂಬ ಅರ್ಥವೂ ಇದೆ. ಆದ್ದರಿಂದ ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನೇ ಹಿಡಿದು ಹೊರಡದೆ, ತಾವು ಓದುತ್ತಿದ್ದ ವಾಕ್ಯವನ್ನು ಪ್ರತಿಯೊಂದು ಅರ್ಥದ ಕೆಳಗಿನ ಉದಾಹರಣೆಯ ಪಕ್ಕದಲ್ಲಿಟ್ಟು ಹೋಲಿಸಬೇಕು.

ನಾವು ಈಗಾಗಲೇ ಬಲ್ಲೆವೆಂದು ನಂಬಿರುವ ಪದಗಳಿಗೂ ಈ ಎಚ್ಚರ ಬೇಕು, ಬಹುಶಃ ಅವುಗಳಿಗೇ ಹೆಚ್ಚು ಬೇಕು. ಕನ್ನಡ ಮಾತಿನ ನಡುವೆ 'ನನಗೊಂದು ಡೌಟ್ ಇದೆ' ಎಂದರೆ ಒಂದು ವಿಷಯ ಅರ್ಥವಾಗಿಲ್ಲ, ಕೇಳಬೇಕು ಎಂದರ್ಥ. ನಮ್ಮ ಬಳಕೆಯ ಪರಿಚಯವಿಲ್ಲದ ಇಂಗ್ಲಿಷ್ ಮಾತೃಭಾಷಿಕರಿಗೆ 'ಡೌಟ್' ಎಂದರೆ ಹೇಳಿದ ಮಾತು ನಿಜವೋ ಅಲ್ಲವೋ ಎಂಬ ಅನುಮಾನ. ಪಾಠ ಮುಗಿದೊಡನೆ ವಿದ್ಯಾರ್ಥಿ 'ಐ ಹ್ಯಾವ್ ಎ ಡೌಟ್' ಎಂದರೆ, ತನ್ನ ಪಾಠವನ್ನೇ ಈತ ನಂಬುತ್ತಿಲ್ಲ ಎಂದು ಅವರು ತಿಳಿದಾರು. ಅಲ್ಲಿ 'ಐ ಹ್ಯಾವ್ ಎ ಕ್ವೆಶ್ಚನ್' ಎನ್ನುವುದು ಸರಿ.

ಪದವನ್ನು ಒಡೆದು ನೋಡಿದಾಗ

ಸುಗಂಧ, ದುರ್ಗಂಧ ಎಂಬ ಪದಗಳಲ್ಲಿ 'ಸು', 'ದುರ್' ಎಂಬ ಉಪಸರ್ಗಗಳನ್ನು ಬಲ್ಲವರು 'ದುರ್ಬಳಕೆ'ಯ ಅರ್ಥವನ್ನು ಯಾರನ್ನೂ ಕೇಳದೆ ಬಿಡಿಸಿಕೊಳ್ಳುತ್ತಾರೆ. ಇಂಗ್ಲಿಷ್‌ನಲ್ಲಿ ಲ್ಯಾಟಿನ್ ಮೂಲದ 'ಬೆನೆ' ಒಳ್ಳೆಯದನ್ನು ಸೂಚಿಸುತ್ತದೆ. 'ಬೆನಿಫಿಟ್', 'ಬೆನೆವೊಲೆಂಟ್' ಅದರಿಂದ ಬಂದವು. ನೋಡು ಎಂಬ ಅರ್ಥದ 'ಸ್ಪೆಕ್ಟ್' ಅನ್ನು 'ಇನ್‌ಸ್ಪೆಕ್ಟ್', 'ಸ್ಪೆಕ್ಟೇಟರ್' ಪದಗಳಲ್ಲಿ ಕಾಣಬಹುದು. ನೆನಪಿಗೆ ಇದು ಒಳ್ಳೆಯ ಊರುಗೋಲು, ಆದರೆ ಪೂರ್ತಿ ಭಾರ ಹಾಕುವಂತಿಲ್ಲ. 'ವಿಫಲ'ದಲ್ಲಿ ಇಲ್ಲ ಎನ್ನುವ 'ವಿ' 'ವಿಖ್ಯಾತ'ದಲ್ಲಿ ಹೆಚ್ಚು ಎನ್ನುತ್ತದೆಯಲ್ಲವೇ? ಹಾಗೆಯೇ 'ಇನ್‌ವಿಸಿಬಲ್' ಎಂದರೆ ಕಾಣದ್ದು, ಆದರೆ 'ಇನ್‌ಫ್ಲೇಮಬಲ್' ಎಂದರೆ ಸುಲಭವಾಗಿ ಬೆಂಕಿ ಹತ್ತುವಂಥದ್ದು. ಡಬ್ಬಿಯ ಮೇಲಿನ ಆ ಪದವನ್ನು 'ಬೆಂಕಿ ಹತ್ತದ' ಎಂದು ಓದಿಕೊಂಡರೆ ಜೀವಕ್ಕೇ ಅಪಾಯ.

ಯಾವ ಪದಗಳನ್ನು ಮೊದಲು ಕಲಿಯಬೇಕು?

1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 20 ಸಂಪುಟಗಳಷ್ಟಿದೆ. ಅದನ್ನು ನೆನೆದು ಕಂಗೆಡಬೇಕಾದ ಕಾರಣವಿಲ್ಲ, ಏಕೆಂದರೆ ಪದಗಳೆಲ್ಲ ಒಂದೇ ಪ್ರಮಾಣದಲ್ಲಿ ಬಳಕೆಯಾಗುವುದಿಲ್ಲ. ಮೇಲೆ ಹೇಳಿದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿ ಸಾಮಾನ್ಯ ಬರಹದ ಸುಮಾರು ಶೇಕಡ 80ರಷ್ಟನ್ನು ಒಳಗೊಳ್ಳುತ್ತದೆ. 2000ದಲ್ಲಿ ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ ಉನ್ನತ ವ್ಯಾಸಂಗದ ಬರಹಗಳನ್ನು ಪರಿಶೀಲಿಸಿ 570 ಪದಕುಟುಂಬಗಳ ಪಟ್ಟಿ ಮಾಡಿದರು. ಅಂಥ ಬರಹದ ಸುಮಾರು ಶೇಕಡ 10 ಭಾಗ ಅವುಗಳಿಂದಲೇ ಆಗಿರುತ್ತದೆ. ಪದಕುಟುಂಬ ಎಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪು. 'ರಿಲಕ್ಟೆಂಟ್', 'ರಿಲಕ್ಟೆಂಟ್ಲಿ', 'ರಿಲಕ್ಟೆನ್ಸ್' ಒಂದು ಕುಟುಂಬ.

ಬೇರೆಯವರ ನೆರವಿಲ್ಲದೆ ಪುಸ್ತಕ, ಪತ್ರಿಕೆಗಳನ್ನು ಓದಲು ಬರಹದ ಶೇಕಡ 98ರಷ್ಟು ಪದಗಳು ಗೊತ್ತಿರಬೇಕು ಎಂದಿಟ್ಟುಕೊಂಡರೆ, ಅದಕ್ಕೆ 8,000ದಿಂದ 9,000 ಪದಕುಟುಂಬಗಳು ಬೇಕು ಎಂದು 2006ರಲ್ಲಿ ಪದಕಲಿಕೆಯ ಸಂಶೋಧಕ ಪಾಲ್ ನೇಷನ್ ಲೆಕ್ಕ ಹಾಕಿದರು. ಶೇಕಡ 98 ಎಂದರೆ ಐವತ್ತು ಪದಗಳಿಗೆ ಒಂದು ಅಪರಿಚಿತ ಪದ. ಶೇಕಡ 95 ಎಂದರೆ ಇಪ್ಪತ್ತಕ್ಕೆ ಒಂದು, ಅಂದರೆ ಎರಡು ಸಾಲಿಗೊಮ್ಮೆ ತಡೆ. ಅಂಕಿಗಳಲ್ಲಿ ಮೂರೇ ಕಾಣುವ ಈ ಅಂತರ ಓದುವಾಗ ಬಹಳ ದೊಡ್ಡದು. ತಾವು ಓದುವ ಪುಟದಲ್ಲಿ ಎರಡು ಮೂರು ಸಲ ಎದುರಾದ ಪದವನ್ನು ಮೊದಲು ಕಲಿಯಬೇಕು. 'ಡೆಕಸೇಟೆಡ್'ನಂಥ, ಮತ್ತೆಂದೂ ಕಾಣಿಸದ ಪದವನ್ನು ದಾಟಿ ಮುಂದೆ ಹೋಗಬಹುದು.

ಮರೆವು, ಮತ್ತು ಒಂದು ಚೀಟಿ ಬರೆಯುವ ಕ್ರಮ

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ತೀವ್ರವಾಗಿದ್ದು ಆಮೇಲೆ ನಿಧಾನವಾಗುತ್ತದೆ, ಕಲಿಕೆಯನ್ನು ಒಂದೇ ಸಲ ಮುಗಿಸದೆ ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು. 1972ರಲ್ಲಿ ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೊಂದು ಸರಳ ವಿಧಾನ ಸೂಚಿಸಿದರು: ಖಾನೆಗಳಿರುವ ಒಂದು ಪೆಟ್ಟಿಗೆ, ಪದಕ್ಕೊಂದು ಚೀಟಿ. ನೆನಪಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಮರೆತ ಚೀಟಿ ಮೊದಲ ಖಾನೆಗೆ ಮರಳುತ್ತದೆ. ಹಿಂದಿನ ಖಾನೆಗಿಂತ ಮುಂದಿನ ಖಾನೆಯನ್ನು ಹೆಚ್ಚು ದಿನಗಳ ಅಂತರದಲ್ಲಿ ತೆರೆಯಬೇಕು. ಇಂದಿನ ಪದಕಲಿಕೆಯ ಆ್ಯಪ್‌ಗಳಲ್ಲಿ ಅನೇಕವು ಇದೇ ತತ್ವದ ಮೇಲೆ ನಡೆಯುತ್ತವೆ.

ಚೀಟಿಯಲ್ಲಿ ಏನು ಬರೆಯುತ್ತೇವೆ ಎಂಬುದು ಪೆಟ್ಟಿಗೆಗಿಂತ ಮುಖ್ಯ. 'ಮಿಟಿಗೇಟ್' ಎಂಬ ಪದವನ್ನು ತೆಗೆದುಕೊಳ್ಳೋಣ. 'ಕಡಿಮೆ ಮಾಡು' ಎಂದಷ್ಟೇ ಬರೆದರೆ ನಾಳೆ ಬೆಲೆಯನ್ನೂ 'ಮಿಟಿಗೇಟ್' ಮಾಡಲು ಹೊರಡುತ್ತೇವೆ. ವಿವರಣೆ ಹೇಳುವುದು ಹೀಗೆ: ಹಾನಿಕರವಾದ ಅಥವಾ ನೋವು ಕೊಡುವ ಸಂಗತಿಯ ತೀವ್ರತೆಯನ್ನು ತಗ್ಗಿಸುವುದು. ಬೆಲೆ ಹಾನಿಯಲ್ಲ, ಬೆಲೆಯೇರಿಕೆಯ ಪರಿಣಾಮ ಹಾನಿ. ತಗ್ಗಿಸುವುದು ಎಂದರೆ ಇಲ್ಲವಾಗಿಸುವುದೂ ಅಲ್ಲ. 'ಟ್ರೀಸ್ ಮಿಟಿಗೇಟ್ ದ ಎಫೆಕ್ಟ್ಸ್ ಆಫ್ ಹೀಟ್' ಎಂಬ ವಾಕ್ಯದಲ್ಲಿ ಬಿಸಿಲು ಇದ್ದೇ ಇರುತ್ತದೆ, ಮರಗಳು ಅದರ ಬಾಧೆಯನ್ನಷ್ಟೇ ತಗ್ಗಿಸುತ್ತವೆ. ಇನ್ನೆರಡು ಉದಾಹರಣೆಗಳನ್ನು ನೋಡಿದರೆ 'ರಿಸ್ಕ್', 'ಡ್ಯಾಮೇಜ್' ಎಂಬವು ಇದರ ಒಡನಾಡಿಗಳೆಂದು ತಿಳಿಯುತ್ತದೆ.

ಈಗ ಚೀಟಿಯ ಮುಂಬದಿಯಲ್ಲಿ ಆ ವಾಕ್ಯವನ್ನು, ಪದದ ಜಾಗ ಖಾಲಿ ಬಿಟ್ಟು ಬರೆಯಬೇಕು. ಹಿಂಬದಿಯಲ್ಲಿ ಪದ, ವಿವರಣೆ, ಹತ್ತಿರದ ಕನ್ನಡ ಪದ ಮತ್ತು ಒಡನಾಡಿಗಳು. ಪದವನ್ನು ನೋಡಿ ಅರ್ಥ ಹೇಳುವುದಕ್ಕಿಂತ ಖಾಲಿ ಜಾಗವನ್ನು ನೋಡಿ ಪದ ನೆನಪಿಸಿಕೊಳ್ಳುವುದು ಕಷ್ಟ. ಆದರೆ ಬರೆಯಲು ಕುಳಿತಾಗ ನಮಗೆ ಬೇಕಾದದ್ದು ಆ ಎರಡನೆಯ ಶಕ್ತಿಯೇ.

ಕೊನೆಯದಾಗಿ ಸ್ವಂತ ವಾಕ್ಯ. ಮೊದಲ ದಿನವೇ ಹೊಸ ವಾಕ್ಯ ಕಟ್ಟುವುದು ಬೇಡ. ನಿಘಂಟಿನ ವಾಕ್ಯದಲ್ಲಿ ಒಂದು ಭಾಗವನ್ನು ಮಾತ್ರ ಬದಲಿಸಿ. ಮರಗಳ ಬದಲು ದಪ್ಪ ಗೋಡೆ, ಬಿಸಿಲಿನ ಬದಲು ಗದ್ದಲ. ಎರಡು ಮೂರು ದಿನಗಳ ಬಳಿಕ ತಮ್ಮದೇ ಬದುಕಿನ ಒಂದು ಸಂಗತಿಗೆ ಪದವನ್ನು ಹೊಂದಿಸಿ, ಆ ವಾಕ್ಯವನ್ನು ವಿವರಣೆಯ ಪ್ರತಿಯೊಂದು ಮಾತಿಗೂ ಒರೆಹಚ್ಚಿ ನೋಡಿ. ಹಾಲಿನ ವಾಕ್ಯವನ್ನು ಬರೆದವರು ಹೀಗೆ ಒರೆಹಚ್ಚಿದ್ದರೆ 'ಒಂದು ಕೆಲಸವನ್ನು ಮಾಡಲು' ಎಂಬ ಮಾತಿನ ಬಳಿ ನಿಲ್ಲುತ್ತಿದ್ದರು, ಕೆಲಸ ಯಾವುದು ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು, 'ಐ ವಾಸ್ ರಿಲಕ್ಟೆಂಟ್ ಟು ಡ್ರಿಂಕ್ ದ ಮಿಲ್ಕ್' ಎಂದು ತಿದ್ದಿ ಬರೆಯುತ್ತಿದ್ದರು. ಹಾಲು ಎಂದೂ ಇಷ್ಟವಿಲ್ಲ ಎನ್ನುವುದೇ ಅವರ ಉದ್ದೇಶವಾಗಿದ್ದರೆ, ಈ ಪದ ಅದಕ್ಕಲ್ಲ, 'ಐ ಡೋಂಟ್ ಲೈಕ್ ಮಿಲ್ಕ್' ಸಾಕು ಎಂಬುದೂ ಆಗಲೇ ತಿಳಿಯುತ್ತಿತ್ತು.